ಹಾವು ಹೋಯಿತು, ಹಂಸ ಉಳಿಯಿತು

ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ಕಾಫಿ, ಮಂಜು, ಜಡಿಮಳೆ ಎನ್ನುವವರು ಒಮ್ಮೆ ಪಂಚನಹಳ್ಳಿಗೆ ಬರಬೇಕು. ಕಡೂರು ತಾಲ್ಲೂಕಿನ ಈ ಹೋಬಳಿ ಅಪ್ಪಟ ಬಯಲುಸೀಮೆ. ತೆಂಗು, ರಾಗಿ, ಮಳೆಯ ದಾರಿ ಕಾಯುವ ಕೆರೆ. ಸೀಮೆಯ ಗುಣ ನೋಡಿದರೆ ಮುಳ್ಳಯ್ಯನಗಿರಿಗಿಂತ ಚಿತ್ರದುರ್ಗದ ಕಲ್ಲುಗುಡ್ಡಗಳೇ ಇದಕ್ಕೆ ಹತ್ತಿರದ ನೆಂಟರು. ಆ ದುರ್ಗದಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ಒಂದೇ ಕಥೆಗೆ ಎರಡು ಸಲ ಕ್ಯಾಮೆರಾ ಇಟ್ಟರು. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ. ಹಿಂದಿ ಸಿನಿಮಾ ನೋಡಿದವರು ನಮ್ಮ ಕಡೆ ಬಹಳ ಮಂದಿ ಇರಲಾರರು. ಅದರ ಒಂದು ಹಾಡು ಮಾತ್ರ ಹಳೆಯ ಹಾಡಿನ ಹುಚ್ಚಿರುವವರಿಗೆಲ್ಲ ಗೊತ್ತು.

1972ರ ಕೊನೆಯಲ್ಲಿ ತೆರೆಕಂಡ 'ನಾಗರಹಾವು' ಬಗ್ಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಮಾಡಿ ಪುಟ್ಟಣ್ಣ ಕಣಗಾಲ್ ತೆಗೆದ ಚಿತ್ರ; ವಿಷ್ಣುವರ್ಧನ್ ಅವರನ್ನು ನಾಯಕನನ್ನಾಗಿ ಮಾಡಿದ ಚಿತ್ರ. ಕಾದಂಬರಿಕಾರರಿಗೇ ಅದು ಒಪ್ಪಿಗೆಯಾಗಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದ್ದಾರೆಂದು ಬೇಸರಪಟ್ಟರು ಎಂಬ ಮಾತು ಇಂದಿಗೂ ಓಡಾಡುತ್ತದೆ. ಜನ ಮಾತ್ರ ಮುಗಿಬಿದ್ದು ನೋಡಿದರು.

ಗೆದ್ದ ಕುದುರೆಯನ್ನು ಬೊಂಬಾಯಿಗೂ ಓಡಿಸುವ ಆಸೆ ನಿರ್ಮಾಪಕ ಎನ್. ವೀರಾಸ್ವಾಮಿ ಅವರಿಗೆ ಬಂದದ್ದು ಸಹಜ. 1974ರಲ್ಲಿ 'ಜಹರೀಲಾ ಇನ್ಸಾನ್' ಬಂತು. ನಿರ್ದೇಶನ ಪುಟ್ಟಣ್ಣನವರದೇ. 'ಬಾಬಿ'ಯ ಗೆಲುವಿನ ಬಿಸಿ ಆರದ ರಿಷಿ ಕಪೂರ್ ನಾಯಕ, ಜೊತೆಗೆ ಮೌಷುಮಿ ಚಟರ್ಜಿ ಮತ್ತು ನೀತೂ ಸಿಂಗ್. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರ ಜಾಗಕ್ಕೆ ಪ್ರಾಣ್. ಜಲೀಲನ ಪಾತ್ರಕ್ಕೆ ಹಿಂದಿಯಲ್ಲೂ ಅಂಬರೀಷ್ ಅವರೇ. ಹೆಸರು ನೋಡಿದರೆ ಸೋಲುವ ಸಿನಿಮಾ ಅಲ್ಲ. ಆದರೂ ಸೋತಿತು.

ಯಾಕೆ ಸೋತಿತು ಎಂಬುದಕ್ಕೆ ನನ್ನ ಉತ್ತರ ಇಷ್ಟೆ: ಕಥಾನಾಯಕ ರಾಮಾಚಾರಿಯ ಸಿಟ್ಟಿಗೆ ಒಂದು ಊರು ಬೇಕು. ಮಡಿ ಮನೆ, ಮೇಷ್ಟ್ರ ಮೇಲಿನ ಭಕ್ತಿ, ಓಬವ್ವನ ಕಿಂಡಿ ಎಲ್ಲ ಸೇರಿಯೇ ಆ ಸಿಟ್ಟು ನಮಗೆ ಅರ್ಥವಾಗುವುದು. ಹಿಂದಿಯಲ್ಲಿ ಬಂಡೆಗಳು ಅವೇ ಇದ್ದವು, ಊರು ಕೈಬಿಟ್ಟು ಹೋಗಿತ್ತು. ಕನ್ನಡದ ಚಿತ್ರಕ್ಕೆ ವಿಜಯಭಾಸ್ಕರ್ ಕೊಟ್ಟ ಸಂಗೀತವೂ ಆ ಸಿಟ್ಟಿನ ಹಾಗೆಯೇ ನೆಲಕ್ಕೆ ಅಂಟಿಕೊಂಡದ್ದು. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಓಬವ್ವನ ಹಾಡು ಶುರುವಾದರೆ ಕೋಟೆಗೋಡೆ ಕಣ್ಣಮುಂದೆ ಬಂದೇ ಬರುತ್ತದೆ, ಒನಕೆ ಹಿಡಿದ ಜಯಂತಿ ಬಂದೇ ಬರುತ್ತಾರೆ. ನಿಧಾನಗತಿಯಲ್ಲಿ ಚಿತ್ರಿಸಿದ 'ಬಾರೆ ಬಾರೆ' ಕೇಳಿದರೂ ಅಷ್ಟೆ, ಗಾಳಿಯಲ್ಲಿ ತೇಲಿದಂತೆ ಓಡಿಬರುವ ಆ ಜೋಡಿಯನ್ನು ಬಿಟ್ಟು ಹಾಡನ್ನಷ್ಟೇ ಕೇಳುವುದು ಕಷ್ಟ.

ಹಿಂದಿಯಲ್ಲಿ ಆರ್.ಡಿ. ಬರ್ಮನ್ ಬೇರೆ ದಾರಿ ಹಿಡಿದರು. ಮಜರೂಹ್ ಸುಲ್ತಾನ್‌ಪುರಿ ಬರೆದ 'ಓ ಹಂಸಿನಿ'ಯನ್ನು ಕಿಶೋರ್ ಕುಮಾರ್ ಕೈಗಿಟ್ಟರು. ನಲ್ಲೆಯನ್ನು ಹಂಸವೆಂದು ಕರೆಯುವ ಹಾಡು. ಮೊದಲ ಕರೆಯನ್ನೇ ಗಮನಿಸಿ. ತುಂಟಾಟ, ಯೋಡ್ಲಿಂಗ್ ಎಲ್ಲ ಬದಿಗಿಟ್ಟು, ಎದುರಿಗಿರುವ ಒಬ್ಬಳಿಗಷ್ಟೇ ಕೇಳಿಸಿದರೆ ಸಾಕು ಎಂಬಂತೆ ಕಿಶೋರ್ ಸ್ವರವನ್ನು ಎಳೆದು ಬಿಡುತ್ತಾರೆ. ಹಾಡಿನುದ್ದಕ್ಕೂ ಹಾವಿನಂಥ ಹುಡುಗನ ವಿಷದ ಸುಳಿವೇ ಇಲ್ಲ. ಕಥೆಯ ದೃಷ್ಟಿಯಿಂದ ಇದು ದೋಷವೇ ಇರಬಹುದು. ಹಾಡಿನ ಪಾಲಿಗೆ ವರವಾಯಿತು. ಯಾವ ಊರಿನ, ಯಾವ ಹುಡುಗನ ಹಾಡೆಂದು ಯಾರೂ ಕೇಳಲಿಲ್ಲ. ಸಿನಿಮಾ ಮುಳುಗಿದರೂ ಅದು ರೇಡಿಯೋ ಹತ್ತಿತು, ಕ್ಯಾಸೆಟ್ ಸೇರಿತು, ಈಗ ಮೊಬೈಲ್‌ಗೆ ಬಂದಿದೆ.

ಹಾಗಾದರೆ ಆರ್.ಡಿ. ದೊಡ್ಡವರೋ ವಿಜಯಭಾಸ್ಕರ್ ದೊಡ್ಡವರೋ ಎಂದು ತೂಗಲು ಕೂರುವುದು ಕಟ್ಟೆಪುರಾಣ. ಒಬ್ಬರು ಸಿನಿಮಾಕ್ಕೆ ದುಡಿದರು, ಇನ್ನೊಬ್ಬರ ಹಾಡು ಸಿನಿಮಾದಿಂದ ತಪ್ಪಿಸಿಕೊಂಡಿತು. ನನಗಂತೂ 'ಓ ಹಂಸಿನಿ' ಎಷ್ಟು ಇಷ್ಟವಾದರೂ ಅದರಲ್ಲಿ ದುರ್ಗದ ಬಿಸಿಲು ಸಿಕ್ಕಿಲ್ಲ.

ರಿಷಿ ಮತ್ತು ನೀತೂ ತೆರೆಯ ಮೇಲೆ ಜೊತೆಯಾದದ್ದು ಇದೇ ಚಿತ್ರದಲ್ಲಿ ಮೊದಲು. ಮುಂದೆ ಸಾಲುಸಾಲು ಚಿತ್ರಗಳಲ್ಲಿ ನಟಿಸಿ, 1980ರಲ್ಲಿ ಮದುವೆಯಾದರು. ಇತ್ತ 'ನಾಗರಹಾವು' 2018ರಲ್ಲಿ ಹೊಸ ತಂತ್ರಜ್ಞಾನದ ಪೋಷಾಕು ತೊಟ್ಟು ಮತ್ತೆ ಚಿತ್ರಮಂದಿರಕ್ಕೆ ಬಂದಾಗ ಶಿಳ್ಳೆ, ಹೂವಿನ ಹಾರ, ಕಟೌಟು ಎಲ್ಲವೂ ಆಯಿತು. 'ಜಹರೀಲಾ ಇನ್ಸಾನ್'ಗೆ ಅಂಥ ಮೆರವಣಿಗೆ ಮಾಡಿಸಬೇಕೆಂದು ಯಾರಿಗೂ ಅನ್ನಿಸಿದ ಹಾಗಿಲ್ಲ.