ಕಾಮಗಾರಿಗೆ ಎರಡು ಕಿಲೋಮೀಟರ್ ಹಿಂದೆ

ಹೆದ್ದಾರಿಯಲ್ಲಿ ಕಾಮಗಾರಿ ನಡೆಯುತ್ತಿದ್ದರೆ ಅಪಾಯ ಎಲ್ಲಿದೆ ಎಂದು ಯಾರನ್ನು ಕೇಳಿದರೂ ಕೈ ತೋರಿಸುವುದು ಅಗೆದ ಗುಂಡಿಯ ಕಡೆಗೆ, ಬಿಸಿ ಡಾಂಬರು ಹಾಸುವ ಯಂತ್ರದ ಕಡೆಗೆ, ಅದರ ಸುತ್ತ ಹೊಳೆಯುವ ಜಾಕೆಟ್ ತೊಟ್ಟು ನಿಂತವರ ಕಡೆಗೆ. ಗುತ್ತಿಗೆದಾರರ ಮುನ್ನೆಚ್ಚರಿಕೆಯೂ ಬಹುಪಾಲು ಅಲ್ಲೇ ಗುಡ್ಡೆ ಬಿದ್ದಿರುತ್ತದೆ: ಮರಳು ತುಂಬಿದ ಪೀಪಾಯಿಗಳು, ಅವುಗಳ ನಡುವೆ ಜೋತುಬಿದ್ದ ಕೆಂಪು-ಬಿಳಿ ಪಟ್ಟಿ, ಸುಣ್ಣ ಬಳಿದ ಕಲ್ಲುಗಳು, ಕೆಂಪು ಬಟ್ಟೆ ಹಿಡಿದ ಒಬ್ಬ ಹುಡುಗ. ಲೆಕ್ಕಪತ್ರ ತೆರೆದು ನೋಡಿದರೆ ಚಿತ್ರ ಬೇರೆಯೇ ಇದೆ. ಕಾಮಗಾರಿ ವಲಯದ ಸಾವುಗಳನ್ನು ಪ್ರತ್ಯೇಕವಾಗಿ ಎಣಿಸುತ್ತ ಬಂದಿರುವ ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 900 ಮಂದಿ ಹೀಗೆ ಸಾಯುತ್ತಿದ್ದಾರೆ. ಐವರಲ್ಲಿ ನಾಲ್ವರು ವಾಹನದಲ್ಲಿ ಹೋಗುತ್ತಿದ್ದವರು, ಸಲಿಕೆ ಹಿಡಿದವರಲ್ಲ. ಅಲ್ಲಿ ಪದೇ ಪದೇ ಕಾಣುವ ಅಪಘಾತದ ಬಗೆ ಎಂದರೆ ಮುಂದಿನ ವಾಹನಕ್ಕೆ ಹಿಂದಿನಿಂದ ಗುದ್ದುವುದು. ಸಾವಿಗೆ ಕಾರಣವಾದ ಅಪಘಾತಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದರಲ್ಲಿ ಭಾರಿ ಲಾರಿಯೊಂದು ಸಿಕ್ಕಿಕೊಂಡಿರುತ್ತದೆ. ಈ ಮೂರು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅನುಮಾನ ಗುಂಡಿಯನ್ನು ಬಿಟ್ಟು, ಗುಂಡಿಯ ದೆಸೆಯಿಂದ ಹಿಂದೆ ಬೆಳೆದು ನಿಂತ ವಾಹನಸಾಲಿನ ಬಾಲದ ಮೇಲೆ ಬೀಳುತ್ತದೆ. ಆ ಬಾಲ ನಿಂತಲ್ಲಿ ನಿಲ್ಲುವುದಿಲ್ಲ, ಗಂಟೆಗಂಟೆಗೆ ಹಿಂದಕ್ಕೆ ಸರಿಯುತ್ತದೆ. ನಾವು ನೆಡುವ ಎಚ್ಚರಿಕೆ ಫಲಕ ಮಾತ್ರ ನೆಟ್ಟಲ್ಲೇ ಇರುತ್ತದೆ. ಕಾಮಗಾರಿ ವಲಯದ ಸುರಕ್ಷತೆ ಕೆಡುತ್ತಿರುವುದು ಈ ಹೊಂದಾಣಿಕೆ ತಪ್ಪಿದ ಕಡೆಯಲ್ಲಿ ಎಂಬುದು ನನ್ನ ವಾದ.

ಎದುರಿಗೆ ಲಾರಿಯೊಂದು ನಿಂತಿದ್ದರೆ ಕಾಣದೆ ಇರುತ್ತದೆಯೇ ಎಂದು ಕೇಳಬಹುದು. ಕಾಣುತ್ತದೆ. ಅದು ನಿಂತಿದೆ ಎಂಬುದು ಕಾಣುವುದಿಲ್ಲ. ನೇರ ಮುಂದಿರುವ ವಾಹನದ ವೇಗವನ್ನು ಅಳೆಯಲು ನಮ್ಮ ಕಣ್ಣಿಗೆ ಇರುವ ಆಧಾರ ಒಂದೇ: ಅದರ ಹಿಂಬದಿ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದು. ದೂರದಲ್ಲಿರುವಾಗ ಈ ಹಿಗ್ಗುವಿಕೆ ಎಷ್ಟು ನಿಧಾನವೆಂದರೆ ಮಿದುಳು ಅದನ್ನು ಗಮನಿಸುವುದೇ ಇಲ್ಲ. ಹಾಫ್‌ಮನ್ ಮತ್ತು ಮಾರ್ಟಿಮರ್ ಎಂಬ ಸಂಶೋಧಕರು 1990ರ ದಶಕದಲ್ಲಿ ಚಾಲಕರನ್ನು ಪರೀಕ್ಷಿಸಿ, ಹಿಗ್ಗುವ ಕೋನ ಸೆಕೆಂಡಿಗೆ ಸುಮಾರು 0.003 ರೇಡಿಯನ್ ದಾಟುವವರೆಗೂ ಹತ್ತಿರವಾಗುವ ವೇಗ ನಮಗೆ ತಿಳಿಯದು ಎಂದು ಕಂಡುಕೊಂಡರು. ಇದನ್ನು ಎರಡೂವರೆ ಮೀಟರ್ ಅಗಲದ ಲಾರಿಗೆ ಅನ್ವಯಿಸಿ ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಲಾರಿ ನಿಂತಿದೆ ಎಂಬುದು ಸುಮಾರು 118 ಮೀಟರ್ ದೂರದಿಂದಲೇ ಗೊತ್ತಾಗುತ್ತದೆ. ಆ ವೇಗದಲ್ಲಿ ವಾಹನ ನಿಲ್ಲಿಸಲು ಭಾರತೀಯ ರಸ್ತೆ ಕಾಂಗ್ರೆಸ್ ಎಣಿಸುವ ದೂರ 80 ಮೀಟರ್. ತೊಂದರೆಯಿಲ್ಲ. ನೂರರಲ್ಲಿ ಹೋಗುವವನಿಗೆ ಅದು ಗೊತ್ತಾಗುವುದು ಸುಮಾರು 150 ಮೀಟರ್ ಇರುವಾಗ. ಅವನಿಗೆ ನಿಲ್ಲಿಸಲು ಬೇಕಾದದ್ದು 180 ಮೀಟರ್. ವೇಗ ಏರಿದಂತೆ ಕಣ್ಣಿನ ಅಳವು ಅದರ ವರ್ಗಮೂಲದಷ್ಟೇ ಹೆಚ್ಚುತ್ತದೆ. ಬ್ರೇಕ್ ಹಿಡಿದ ಮೇಲೆ ಓಡುವ ದೂರವೋ ವೇಗದ ವರ್ಗದಷ್ಟು ಬೆಳೆಯುತ್ತದೆ. ಎಂಬತ್ತು ಮತ್ತು ನೂರರ ನಡುವೆ ಎಲ್ಲೋ ಎರಡೂ ಗೆರೆಗಳು ಒಂದನ್ನೊಂದು ದಾಟುತ್ತವೆ. 2018ರಿಂದ ನಮ್ಮಲ್ಲಿ ವಿಭಜಕವಿರುವ ಚತುಷ್ಪಥ ಹೆದ್ದಾರಿಯಲ್ಲಿ ಕಾರುಗಳಿಗೆ ನೂರು, ಎಕ್ಸ್‌ಪ್ರೆಸ್‌ವೇಗಳಲ್ಲಿ ನೂರಿಪ್ಪತ್ತು ಕಿ.ಮೀ. ವೇಗಮಿತಿ ಇದೆ. ಅಂದರೆ ಕಾನೂನು ಮೀರದೆ, ಮೊಬೈಲ್ ಮುಟ್ಟದೆ, ನಿದ್ದೆಗೆಡದೆ ಗಾಡಿ ಓಡಿಸುವವನೂ ಬರಿಗಣ್ಣನ್ನೇ ನಂಬಿದರೆ ನಿಂತ ಸಾಲಿನ ಬಾಲಕ್ಕೆ ಗುದ್ದಬಹುದು. ಹಿಂದಿನ ದೀಪ ಕೆಟ್ಟ ಟ್ರೇಲರ್‌ಗಳ ಕಥೆಯನ್ನು ನಾನಿಲ್ಲಿ ಎತ್ತುತ್ತಲೇ ಇಲ್ಲ. ಮುಂಚಿತ ಫಲಕ ಇರುವುದು ಕಣ್ಣಿನ ಈ ಕೊರತೆಯನ್ನು ತುಂಬಿಕೊಡುವುದಕ್ಕೆ.

ಆ ಫಲಕವನ್ನು ಎಲ್ಲಿ ಇಡಬೇಕು ಎಂಬಲ್ಲಿಗೆ ಬಂದರೆ ವಿಷಯ ಜಟಿಲವಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ-55 ಎಂಬ ಮಾರ್ಗಸೂಚಿ (2014ರಲ್ಲಿ ಪರಿಷ್ಕೃತ) ಕಾಮಗಾರಿ ವಲಯವನ್ನು ನಾಲ್ಕು ತುಂಡಾಗಿ ನೋಡುತ್ತದೆ: ಮುನ್ನೆಚ್ಚರಿಕೆಯ ಭಾಗ, ವಾಹನಗಳು ಪಥ ಬದಲಿಸುವ ಭಾಗ, ಕೆಲಸ ನಡೆಯುವ ಭಾಗ, ಮತ್ತೆ ಹಳೆಯ ಪಥಕ್ಕೆ ಮರಳುವ ಭಾಗ. ಪಥ ಬದಲಿಸುವ ಕಡೆ ಕೋನ್‌ಗಳನ್ನು ಓರೆಯಾಗಿ ಜೋಡಿಸುತ್ತಾರಲ್ಲ, ಆ ಓರೆ ಸಾಲಿನ ಉದ್ದಕ್ಕೂ ಸೂತ್ರವಿದೆ. ಅಮೆರಿಕದ ಸೂತ್ರದಂತೆ ಮೂರೂವರೆ ಮೀಟರ್ ಅಗಲದ ಒಂದು ಪಥವನ್ನು ನೂರು ಕಿ.ಮೀ. ವೇಗದ ರಸ್ತೆಯಲ್ಲಿ ಮುಚ್ಚಲು ಅದು ಸುಮಾರು 220 ಮೀಟರ್ ಇರಬೇಕು. ನಾಲ್ಕು ಪೀಪಾಯಿ ಅಡ್ಡ ಇಟ್ಟು ಮುಗಿಸುವ ಕೆಲಸ ಅದಲ್ಲ. ಆದರೆ ಈ ನಕ್ಷೆಗಳೆಲ್ಲ ದೂರವನ್ನು ಕೆಲಸದ ಜಾಗದಿಂದ ಹಿಂದಕ್ಕೆ ಅಳೆಯುತ್ತವೆ, ವಾಹನಗಳು ನಿಧಾನವಾಗಿಯಾದರೂ ಹರಿಯುತ್ತಿರುತ್ತವೆ ಎಂದು ಎಣಿಸಿಕೊಳ್ಳುತ್ತವೆ. ಹರಿವು ನಿಂತರೆ? ಒಂದೇ ಪಥ ತೆರೆದಿರುವ ಕಡೆ ಗಂಟೆಗೆ ಸುಮಾರು 1,500 ವಾಹನ ದಾಟಬಲ್ಲವು ಎಂದುಕೊಳ್ಳಿ, ಹಬ್ಬದ ಹಿಂದಿನ ಸಂಜೆ 2,000 ಬರುತ್ತಿವೆ ಎನ್ನಿ. ಗಂಟೆಯೊಂದರಲ್ಲಿ 500 ವಾಹನ ಮಿಗುತ್ತವೆ. ಪ್ರತಿಯೊಂದೂ ಹತ್ತು ಮೀಟರ್ ಜಾಗ ಹಿಡಿದರೆ, ಎರಡು ಪಥ ತುಂಬ ನಿಂತಾಗ ಸಾಲು ಎರಡೂವರೆ ಕಿಲೋಮೀಟರ್. ಒಂದು ಕಿಲೋಮೀಟರ್ ಹಿಂದೆ ನೆಟ್ಟಿದ್ದ ‘ಮುಂದೆ ಕಾಮಗಾರಿ ನಡೆದಿದೆ, ನಿಧಾನವಾಗಿ ಚಲಿಸಿ’ ಫಲಕ ಈಗ ಎಂಜಿನ್ ಆರಿಸಿ ಕಡಲೆಕಾಯಿ ತಿನ್ನುತ್ತ ಕೂತವರ ಪಕ್ಕದಲ್ಲಿ ನಿಂತಿರುತ್ತದೆ. ಅದರ ಅಗತ್ಯವಿದ್ದವನು ಇನ್ನೂ ಒಂದೂವರೆ ಕಿಲೋಮೀಟರ್ ಹಿಂದೆ ನೂರರ ವೇಗದಲ್ಲಿ ಬರುತ್ತಿದ್ದಾನೆ.

ಟೆಕ್ಸಸ್ ಎ ಆ್ಯಂಡ್ ಎಂ ಸಾರಿಗೆ ಸಂಸ್ಥೆಯ ಸಂಶೋಧಕರು ಹಿಡಿದದ್ದು ಇದೇ ಎಳೆಯನ್ನು. ಅಂತರರಾಜ್ಯ ಹೆದ್ದಾರಿ-35ರ ವಿಸ್ತರಣೆ ವರ್ಷಗಟ್ಟಲೆ ನಡೆದಾಗ, ರಾತ್ರಿ ಪಥ ಮುಚ್ಚಿದ ಹಲವು ಕಡೆ ರಸ್ತೆಯ ಅಂಚಿಗೆ ವೇಗ ಅಳೆಯುವ ಸಂವೇದಕಗಳನ್ನೂ ಎತ್ತಿ ಒಯ್ಯಬಹುದಾದ ವಿದ್ಯುತ್ ಫಲಕಗಳನ್ನೂ ಇಟ್ಟರು. ಎಲ್ಲಿಯವರೆಗೆ ವಾಹನ ನಿಂತಿವೆ ಎಂಬುದನ್ನು ಸಂವೇದಕ ಅರಿತು, ಅದಕ್ಕೂ ಹಿಂದಿನ ಫಲಕದಲ್ಲಿ ಮುಂದೆ ವಾಹನಗಳು ನಿಂತಿವೆ ಎಂಬ ಸುದ್ದಿ ಮೂಡಿಸುತ್ತಿತ್ತು. ಜತೆಗೆ ಚಕ್ರ ಹಾದಾಗ ಗಡಗಡ ಸದ್ದು ಮಾಡುವ, ಕೆಲಸ ಮುಗಿದೊಡನೆ ಸುತ್ತಿ ಎತ್ತಿಕೊಂಡು ಹೋಗಬಹುದಾದ ಅಡ್ಡಪಟ್ಟಿಗಳು. ಇವಿಲ್ಲದಿದ್ದರೆ ಆಗಬಹುದಾಗಿದ್ದ ಅಪಘಾತಗಳಿಗೆ ಹೋಲಿಸಿದರೆ ಆದವು ಗಣನೀಯವಾಗಿ ಕಡಿಮೆ; ಒಳ್ಳೆಯ ಕಡೆ ಇಳಿಕೆ ಶೇಕಡ 40 ದಾಟಿತ್ತು. ಸಾಲನ್ನೇ ಚಿಕ್ಕದು ಮಾಡುವ ಇನ್ನೊಂದು ದಾರಿ ಮಿನ್ನೆಸೋಟದ್ದು. ಪಥ ಮುಚ್ಚಿದೆ ಎಂಬ ಫಲಕ ಕಂಡೊಡನೆ ಎಲ್ಲರೂ ಸಭ್ಯರಾಗಿ ಒಂದೇ ಪಥಕ್ಕೆ ಸರಿದು ನಿಂತರೆ ಖಾಲಿ ಪಥ ವ್ಯರ್ಥವಾಗುತ್ತದೆ, ಸಾಲು ದುಪ್ಪಟ್ಟಾಗುತ್ತದೆ, ಖಾಲಿ ಪಥದಲ್ಲಿ ನುಗ್ಗಿ ಬರುವ ಒಬ್ಬಿಬ್ಬರ ಮೇಲೆ ಉಳಿದವರಿಗೆ ಸಿಟ್ಟೂ ಬರುತ್ತದೆ. ಎರಡೂ ಪಥಗಳನ್ನು ಕೊನೆಯವರೆಗೆ ಬಳಸಿ, ಮುಚ್ಚಿದ ಜಾಗದಲ್ಲಿ ಜಿಪ್‌ನ ಹಲ್ಲುಗಳ ಹಾಗೆ ಒಬ್ಬರಾದ ಮೇಲೆ ಒಬ್ಬರು ಸೇರಿ ಎಂದು ಅಲ್ಲಿನ ಸಾರಿಗೆ ಇಲಾಖೆ ಹೇಳುತ್ತದೆ. ಸಾಲಿನ ಉದ್ದ ಇದರಿಂದ ಶೇಕಡ 40ರವರೆಗೂ ಕುಗ್ಗುತ್ತದೆ ಎಂಬುದು ಅದರ ಲೆಕ್ಕ. ಜರ್ಮನಿಯಲ್ಲಿ ಇದು ಸಂಚಾರ ನಿಯಮವೇ ಆಗಿದೆ.

ಇಷ್ಟೆಲ್ಲ ಏಕೆ, ಐದು ಕಿಲೋಮೀಟರ್ ಹಿಂದಿನಿಂದಲೇ 30ರ ವೇಗಮಿತಿ ಹಾಕಿಬಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ಮೇಲುನೋಟಕ್ಕೆ ಸರಿ ಎನಿಸುವ ಈ ಉಪಾಯವನ್ನೇ ಸಂಶೋಧನೆ ಹೆಚ್ಚು ಗಟ್ಟಿಯಾಗಿ ತಳ್ಳಿಹಾಕಿದೆ. ವೇಗಮಿತಿಯನ್ನು ಒಮ್ಮೆಲೇ 30 ಮೈಲಿಯಷ್ಟು, ಅಂದರೆ ಸುಮಾರು 50 ಕಿ.ಮೀ. ಇಳಿಸಿದರೆ ವಾಹನಗಳ ನಡುವಿನ ವೇಗದ ಅಂತರ ಹೆಚ್ಚಿ ಅಪಘಾತದ ಸಂಭವವೂ ಹೆಚ್ಚುತ್ತದೆ, 10 ಮೈಲಿಯೊಳಗಿನ ಇಳಿಕೆಯಲ್ಲಿ ಆ ತೊಂದರೆ ಕಡಿಮೆ ಎಂದು ಅಮೆರಿಕದ ಸಂಚಾರ ಸಾಧನಗಳ ಅಧಿಕೃತ ಕೈಪಿಡಿಯೇ ಬರೆದಿದೆ. ಕಾರಣ ಸರಳ. ಮುಂದೆ ಸಪಾಟು ರಸ್ತೆ, ಒಂದು ನರಪಿಳ್ಳೆಯೂ ಇಲ್ಲ, ಫಲಕ ಮಾತ್ರ 30 ಎನ್ನುತ್ತಿದೆ. ಕೆಲವರು ವಿಧೇಯರಾಗಿ ನಿಧಾನಿಸುತ್ತಾರೆ, ಉಳಿದವರು ಫಲಕವನ್ನು ಲೆಕ್ಕಕ್ಕೇ ಇಡುವುದಿಲ್ಲ. ವಿಧೇಯನ ಬೆನ್ನಿಗೆ ಅವಿಧೇಯ ಗುದ್ದುತ್ತಾನೆ. ಇದಕ್ಕಿಂತ ಕೆಟ್ಟದ್ದು ಮುಂದಿನ ಸಲ ಆಗುವುದು. ಕೆಲಸ ಮುಗಿದು ಮೂರು ತಿಂಗಳಾದರೂ ಕಿತ್ತುಹಾಕದ ‘ಡೈವರ್ಷನ್’ ಫಲಕ, ಭಾನುವಾರವೂ ಉರಿಯುವ ಹಳದಿ ದೀಪ, ಇವುಗಳನ್ನು ದಿನಾ ದಾಟುವ ಚಾಲಕ ಅವುಗಳಿಗೆ ಅರ್ಥವಿಲ್ಲ ಎಂಬ ಪಾಠವನ್ನು ಚೆನ್ನಾಗಿ ಕಲಿಯುತ್ತಾನೆ. ನಿಜವಾಗಿ ಸಾಲು ನಿಂತ ದಿನ ಅದೇ ಫಲಕ ನಿಜ ಹೇಳಿದರೂ ಅವನು ಕೇಳಿಸಿಕೊಳ್ಳುವುದಿಲ್ಲ. ಕೆಲಸವಿಲ್ಲದ ಹೊತ್ತು ಫಲಕಕ್ಕೆ ಮುಸುಕು ಹಾಕಿ ಎಂದು ಮುಂದುವರಿದ ದೇಶಗಳ ನಿಯಮ ಹೇಳುವುದು ಇದಕ್ಕೇ. ಆ ಮುಸುಕಿಗೆ ನಮ್ಮಲ್ಲಿ ಒಂದು ಗೋಣಿಚೀಲ ಸಾಕು.

ಎಲ್ಲ ಚಾಲಕರೂ ಸರಿಯಾದ ಸುದ್ದಿಗೆ ಕಾದು ಕುಳಿತವರಲ್ಲ ಎಂಬ ಆಕ್ಷೇಪ ಮಾತ್ರ ತೂಕದ್ದು. 2023ರ ಮಾರ್ಚ್ 22ರಂದು ಅಮೆರಿಕದ ಬಾಲ್ಟಿಮೋರ್ ಬಳಿಯ ವರ್ತುಲ ಹೆದ್ದಾರಿಯಲ್ಲಿ ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿದ್ದ ಎರಡು ಕಾರುಗಳು ಒಂದಕ್ಕೊಂದು ತಾಗಿದವು. ಒಂದು ಕಾರು ಕಾಂಕ್ರೀಟ್ ತಡೆಗೋಡೆಯ ಸಾಲಿನಲ್ಲಿ ಕೆಲಸದ ವಾಹನಗಳಿಗೆಂದು ಬಿಟ್ಟಿದ್ದ ಕಂಡಿಯೊಳಗೆ ನುಗ್ಗಿ ಆರು ಕೆಲಸಗಾರರ ಜೀವ ತೆಗೆಯಿತು. ಇಲ್ಲಿ ಚಾಲಕರಿಗೆ ಸುದ್ದಿಯ ಕೊರತೆ ಇರಲಿಲ್ಲ. ಇಂಥವರ ಎದುರು ಫಲಕ ಕೈಕಟ್ಟಿ ನಿಲ್ಲುತ್ತದೆ, ಕಾಂಕ್ರೀಟು ಮತ್ತು ದಂಡ ಬೇಕು. ಅದೇ ಮೇರಿಲ್ಯಾಂಡ್ ರಾಜ್ಯದ ಕಾಮಗಾರಿ ವಲಯಗಳಲ್ಲಿ ಸ್ವಯಂಚಾಲಿತ ವೇಗ ಕ್ಯಾಮೆರಾ ಬಂದ ಮೇಲೆ, ಮಿತಿಗಿಂತ 12 ಮೈಲಿ ಮೀರಿ ಓಡಿಸುವವರು ನೂರಕ್ಕೆ ಏಳರಿಂದ ಎರಡಕ್ಕೂ ಕೆಳಗೆ ಇಳಿದಿದ್ದರು ಎಂಬುದನ್ನೂ ಮರೆಯಬಾರದು. ಆದರೆ ನೂರರಲ್ಲಿ ಏಳು ಮಂದಿಯ ಉದ್ಧಟತನ ತೋರಿಸಿ ಉಳಿದ ತೊಂಬತ್ತಮೂರು ಮಂದಿಗೆ ಸಲ್ಲಬೇಕಾದ ಸುದ್ದಿಯನ್ನು ಕೊಡದೆ ಇರುವುದು ನ್ಯಾಯವಲ್ಲ.

ರಾತ್ರಿ ಕೆಲಸದ ಬಗ್ಗೆಯೂ ಒಂದು ತಪ್ಪು ಎಣಿಕೆ ಇದೆ. ಕತ್ತಲಲ್ಲಿ ಕೆಲಸ ಮಾಡಿಸುವುದೆಂದರೆ ಅಪಾಯವನ್ನು ಕೈಬೀಸಿ ಕರೆದಂತೆ ಎನ್ನುತ್ತೇವೆ. ಅಮೆರಿಕದ ರಾಷ್ಟ್ರೀಯ ಸಹಕಾರಿ ಹೆದ್ದಾರಿ ಸಂಶೋಧನಾ ಕಾರ್ಯಕ್ರಮದ 627ನೆಯ ವರದಿ (2008) ಹಲವು ರಾಜ್ಯಗಳ ದಾಖಲೆ ಜಾಲಾಡಿ, ತಾತ್ಕಾಲಿಕವಾಗಿ ಪಥ ಮುಚ್ಚಿ ಕೆಲಸ ಮಾಡುವಾಗ ಪ್ರತಿ ವಾಹನಕ್ಕೆ ಅಪಘಾತದ ಸಂಭವ ಹಗಲು ಸುಮಾರು ಶೇಕಡ 66, ರಾತ್ರಿ ಸುಮಾರು ಶೇಕಡ 61 ಹೆಚ್ಚುತ್ತದೆ ಎಂದು ತೋರಿಸಿತು. ಹೆಚ್ಚಳ ಹೆಚ್ಚುಕಡಿಮೆ ಒಂದೇ. ರಾತ್ರಿ ವಾಹನಗಳೇ ಕಡಿಮೆ, ಸಾಲು ಬೆಳೆಯುವ ಸಂಭವ ಇನ್ನೂ ಕಡಿಮೆ. ಹಾಗಾಗಿ ಒಟ್ಟು ಅಪಘಾತವೂ ಕಡಿಮೆ. ಪ್ರತಿಫಲಿಸುವ ಫಲಕದ ಮೇಲೆ ಎರಡು ದಿನದ ಧೂಳು ಕೂತಿರಬಾರದು, ಅಷ್ಟೆ.

ಇವೆಲ್ಲ ಹೊರದೇಶದ ಮಾತು, ಟ್ರ್ಯಾಕ್ಟರು, ಆಟೊ, ಎಮ್ಮೆ, ಎದುರು ದಿಕ್ಕಿನಿಂದ ಬರುವ ಬೈಕು ಇರುವ ನಮ್ಮ ರಸ್ತೆಗೆ ಹೊಂದದು ಎಂಬ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಪಥಶಿಸ್ತೇ ಇಲ್ಲದ ಕಡೆ ಜಿಪ್‌ನ ಹಾಗೆ ಸೇರಿ ಎಂದರೆ ಯಾರಿಗೂ ಅರ್ಥವಾಗದು. ಗಡಗಡ ಪಟ್ಟಿ ಮಳೆಯಲ್ಲಿ ದ್ವಿಚಕ್ರದವರನ್ನು ಬೀಳಿಸಬಹುದು. ಆದರೆ ಕಣ್ಣಿನ ಮಿತಿ ಮತ್ತು ಬ್ರೇಕಿನ ಲೆಕ್ಕ ಟೆಕ್ಸಸ್‌ನಲ್ಲೊಂದು, ತುಮಕೂರು ರಸ್ತೆಯಲ್ಲೊಂದು ಇರುವುದಿಲ್ಲ. ವೇಗ ವೇಗಗಳ ನಡುವಿನ ಅಂತರ ನಮ್ಮಲ್ಲಿ ಮೊದಲೇ ಹೆಚ್ಚಿರುವುದರಿಂದ ಬಾಲದ ಅಪಾಯ ಇಲ್ಲಿ ಹೆಚ್ಚೇ ಆಗಬೇಕು. ಸಂವೇದಕಗಳಿಗೆ ದುಡ್ಡಿಲ್ಲ ಎಂದಾದರೆ ಸಾಲಿನ ಬಾಲದ ಹಿಂದೆ ಹಿಂದೆ ಸರಿಯುತ್ತ ಹೋಗುವ, ಮಿನುಗು ದೀಪದ ಫಲಕ ಹೊತ್ತ ಒಂದು ಜೀಪು ಅದೇ ಕೆಲಸ ಮಾಡುತ್ತದೆ. ದುಡ್ಡಿನ ತೊಡಕಿನ ಮೂಲ ಬೇರೆ ಕಡೆ ಇದೆ. ಕೇಂದ್ರ ರಸ್ತೆ ಸಚಿವಾಲಯದ ಕಾಮಗಾರಿ ನಿರ್ದೇಶನಗಳ 112ನೆಯ ಕಲಮು ಕೆಲಸದ ವೇಳೆಯ ಸಂಚಾರ ವ್ಯವಸ್ಥೆಯನ್ನು ಕಾಮಗಾರಿಯೊಳಗೇ ಸೇರಿದ, ಗುತ್ತಿಗೆದಾರನ ಹೊಣೆಯ ಬಾಬತ್ತು ಎನ್ನುತ್ತದೆ. ಘನಮೀಟರಿಗಿಷ್ಟು ಎಂದು ಜಲ್ಲಿಗೆ ಬಿಲ್ ಬರೆಯಬಹುದು, ಕೋನಿಗೆ ಬರೆಯುವಂತಿಲ್ಲ. ಬಿಲ್ ಇಲ್ಲದ ಕಡೆ ಉಳಿತಾಯ ಮಾಡುವುದು ವ್ಯಾಪಾರದ ಸಹಜ ಬುದ್ಧಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮು ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಕೋಟಿಗಟ್ಟಲೆಯ ಗುತ್ತಿಗೆಯಲ್ಲಿ ಅದು ಚಹದ ಖರ್ಚು.

ದಂಡ ಹಾಕಬೇಕಾದರೂ ಅಪಘಾತವನ್ನು ಕಾಮಗಾರಿಯ ಜತೆ ಕಾಗದದ ಮೇಲೆ ಗಂಟು ಹಾಕಬೇಕಲ್ಲ. ಸಚಿವಾಲಯದ ವಾರ್ಷಿಕ ವರದಿಯಲ್ಲಿ ಕಾಮಗಾರಿ ನಡೆಯುತ್ತಿರುವ ರಸ್ತೆಗಳ ಅಪಘಾತಗಳಿಗೆ ಪ್ರತ್ಯೇಕ ಸಾಲು ಇದೆ. ಆದರೆ ಗುಂಡಿಯಿಂದ ಎರಡು ಕಿಲೋಮೀಟರ್ ಹಿಂದೆ, ನುಣುಪಾದ ಡಾಂಬರಿನ ಮೇಲೆ, ನಿಂತ ಲಾರಿಗೆ ಕಾರು ಗುದ್ದಿದರೆ ಠಾಣೆಯ ಕಡತದಲ್ಲಿ ಅದು ‘ಅತಿವೇಗ ಮತ್ತು ಅಜಾಗರೂಕತೆ’ಯೇ ಆಗಿಬಿಡುತ್ತದೆ, ಲಾರಿ ಏಕೆ ನಿಂತಿತ್ತು ಎಂದು ಯಾರೂ ಬರೆಯುವುದಿಲ್ಲ. ಐಐಟಿ ಮದ್ರಾಸ್ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ ಸೇರಿ ರೂಪಿಸಿದ ಸಮಗ್ರ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯಲ್ಲಿ ಈಗ ಪೊಲೀಸರು ಸ್ಥಳದಿಂದಲೇ ಮೊಬೈಲಿನಲ್ಲಿ ವಿವರ ತುಂಬುತ್ತಾರೆ. ಅಲ್ಲಿ ಅವರಿಗೆ ಕೇಳಬೇಕಾದ ಪ್ರಶ್ನೆಗಳು ಎರಡು: ಮುಂದಿನ ವಾಹನ ನಿಂತಿತ್ತೇ, ನಿಂತಿದ್ದರೆ ಮುಂದೆಲ್ಲೋ ನಡೆದಿದ್ದ ಕಾಮಗಾರಿಯಿಂದಾಗಿಯೇ.