ಸಾವಿನೆದುರು ಇಬ್ಬರು ಕವಿಗಳು: ಡನ್ ಮತ್ತು ಹರ್ಬರ್ಟ್

ಇಂಗ್ಲಿಷಿನಲ್ಲಿ ಸಾವು, ನೋವು ಮತ್ತು ದೇವರನ್ನು ಕುರಿತು ಬರೆದ ದೊಡ್ಡ ಕವಿಗಳಲ್ಲಿ ಜಾನ್ ಡನ್ ಮತ್ತು ಜಾರ್ಜ್ ಹರ್ಬರ್ಟ್ ಮುಖ್ಯರು. ಇಬ್ಬರೂ 17ನೇ ಶತಮಾನದ ಆರಂಭದಲ್ಲಿ ಆಂಗ್ಲಿಕನ್ ಚರ್ಚಿನ ಪಾದ್ರಿಗಳಾಗಿದ್ದವರು. ಇಬ್ಬರ ಹೆಚ್ಚಿನ ಕವಿತೆಗಳೂ ಪುಸ್ತಕವಾದದ್ದು ಅವರು ತೀರಿಕೊಂಡ ಮೇಲೆ, 1633ರಲ್ಲಿ. ನಂಬಿದ ದೇವರು ಒಬ್ಬನೇ ಆದರೂ ಸಾವಿನ ಮುಂದೆ ಡನ್ ಅಂಜುತ್ತಾನೆ, ವಾದಕ್ಕಿಳಿಯುತ್ತಾನೆ, ಗೋಗರೆಯುತ್ತಾನೆ. ಹರ್ಬರ್ಟ್ ಜಗಳವಾಡಿ ಸಮಾಧಾನಗೊಳ್ಳುತ್ತಾನೆ. ಈ ವ್ಯತ್ಯಾಸದ ಬೇರು ಅವರು ಬದುಕಿದ ರೀತಿಯಲ್ಲಿದೆ.

ಡನ್ 1572ರಲ್ಲಿ ಲಂಡನ್ನಿನ ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದ. ಕ್ಯಾಥೊಲಿಕರಾಗಿ ಉಳಿಯುವುದೇ ಅಪಾಯವಾಗಿದ್ದ ಕಾಲ ಅದು. ತಾಯಿ ಎಲಿಜಬೆತ್ ಹೇವುಡ್, 1535ರಲ್ಲಿ ತಲೆದಂಡಕ್ಕೆ ಗುರಿಯಾದ ಸರ್ ಥಾಮಸ್ ಮೋರ್‌ನ ಸೋದರಿಯ ವಂಶದವಳು. ಸೋದರಮಾವ ಜಾಸ್ಪರ್ ಹೇವುಡ್ ಜೆಸುಯಿಟ್ ಪಾದ್ರಿ. ಸೆರೆಮನೆ ಕಂಡು ಕೊನೆಗೆ ಗಡೀಪಾರಾದ. ಡನ್‌ಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಮುಂದೆ ಆಕ್ಸ್‌ಫರ್ಡಿನಲ್ಲಿ ಓದಿದರೂ ಪದವಿ ಸಿಗಲಿಲ್ಲ. ಅದಕ್ಕೆ ದೊರೆಯೇ ಚರ್ಚಿನ ಮುಖ್ಯಸ್ಥನೆಂದು ಪ್ರಮಾಣ ಮಾಡಬೇಕಿತ್ತು, ಕ್ಯಾಥೊಲಿಕನೊಬ್ಬ ಮಾಡಲಾರದ ಪ್ರಮಾಣ ಅದು.

ಇದೆಲ್ಲಕ್ಕಿಂತ ಆಳವಾದ ಪೆಟ್ಟು ಬಿದ್ದದ್ದು 1593ರಲ್ಲಿ. ತಮ್ಮ ಹೆನ್ರಿ ತನ್ನ ಕೋಣೆಯಲ್ಲಿ ಕ್ಯಾಥೊಲಿಕ್ ಪಾದ್ರಿಯೊಬ್ಬನಿಗೆ ಆಶ್ರಯ ಕೊಟ್ಟು ಸಿಕ್ಕಿಬಿದ್ದ. ಪಾದ್ರಿಯನ್ನು ಮರುವರ್ಷ ಗಲ್ಲಿಗೇರಿಸಿ ದೇಹವನ್ನು ತುಂಡರಿಸಿದರು; ಹೆನ್ರಿ ವಿಚಾರಣೆಗೂ ಮೊದಲೇ ನ್ಯೂಗೇಟ್ ಸೆರೆಮನೆಯಲ್ಲಿ ಜ್ವರ ಬಂದು ಸತ್ತ. ಆ ಸುಮಾರಿನ ವರ್ಷಗಳಲ್ಲೇ ಡನ್ ಮನೆತನದ ಧರ್ಮದಿಂದ ದೂರ ಸರಿಯತೊಡಗಿದ. ನಿಜವಾದ ಧರ್ಮ ಯಾವುದೆಂದು ಹುಡುಕುವ ಕಷ್ಟವನ್ನೇ ವಸ್ತುವಾಗಿಸಿದ ಅವನ ವಿಡಂಬನ ಕಾವ್ಯವೂ ಆ ದಶಕದ್ದೇ. ತಮ್ಮ ಯಾವ ನಂಬಿಕೆಗಾಗಿ ಸತ್ತನೋ ಅದನ್ನೇ ಅಣ್ಣ ತೊರೆದ. ಡನ್‌ನ ಬರವಣಿಗೆಯುದ್ದಕ್ಕೂ ಕಾಣುವ ಕಳವಳಕ್ಕೆ ಈ ಧರ್ಮತ್ಯಾಗವೇ ಕೀಲಿಕೈ ಎಂದು ವಿಮರ್ಶಕ ಜಾನ್ ಕೇರಿ 1981ರ ತನ್ನ ಪುಸ್ತಕದಲ್ಲಿ ವಾದಿಸಿದ. ಎಲ್ಲ ಕವಿತೆಗಳಿಗೂ ಈ ಒಂದೇ ಕೀಲಿಕೈ ಹೊಂದುವುದಿಲ್ಲ. ಆದರೆ ಡನ್ ದೇವರನ್ನು ಕುರಿತು ಬರೆದ 'ಪವಿತ್ರ ಸಾನೆಟ್ಟು'ಗಳ ಮಟ್ಟಿಗೆ ಮಾತು ಸರಿಯಾಗಿಯೇ ಇದೆ. ಅವುಗಳಲ್ಲಿ ದೇವರಿದ್ದಾನೆಯೇ ಎಂಬ ಅನುಮಾನ ಎಲ್ಲೂ ಇಲ್ಲ. ದೇವರು ತನ್ನನ್ನು ಒಪ್ಪಿಕೊಳ್ಳುತ್ತಾನೆಯೇ ಎಂಬ ದಿಗಿಲು ತುಂಬಿದೆ. ಸಾವು ಬಂದೀತೆಂಬ ಭಯಕ್ಕಿಂತ ಅದು ಬಂದ ಮೇಲಿನ ತೀರ್ಪಿನ ಭಯವೇ ದೊಡ್ಡದು.

1601ರ ಕೊನೆಯಲ್ಲಿ ಡನ್ ತನ್ನ ಯಜಮಾನನ ಬಂಧುವಾದ ಆನ್ ಮೋರ್‌ಳನ್ನು ಗುಟ್ಟಾಗಿ ಮದುವೆಯಾದ. ಕೆಲಸ ಹೋಯಿತು, ಕೆಲಕಾಲ ಸೆರೆವಾಸವೂ ಆಯಿತು. ಮುಂದಿನ ಹತ್ತು-ಹನ್ನೆರಡು ವರ್ಷ ಬಡತನ, ಕಾಯಿಲೆ, ಮಕ್ಕಳ ಸಾವು. ಆತ್ಮಹತ್ಯೆ ಎಲ್ಲ ಸಂದರ್ಭದಲ್ಲೂ ಪಾಪವಲ್ಲ ಎಂದು ವಾದಿಸುವ 'ಬಯಾಥನಾಟೋಸ್' ಗ್ರಂಥವನ್ನು ಅವನು ಬರೆದದ್ದು ಈ ದಿನಗಳಲ್ಲೇ. ಅಂಥ ಆಸೆ ತನಗೂ ಆಗಾಗ ಬರುತ್ತದೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಅದನ್ನು ಅಚ್ಚು ಹಾಕಿಸಲಿಲ್ಲ, ಸುಡಲೂ ಇಲ್ಲ. ಹಸ್ತಪ್ರತಿಯನ್ನು ಗೆಳೆಯನ ಕೈಗಿತ್ತು ಎರಡನ್ನೂ ಮಾಡಬೇಡವೆಂದ.

ಹಾಗೆಂದು ಕವಿಯ ದುಃಖವನ್ನು ಕವಿತೆಯ ಉದ್ದದಿಂದ ಅಳೆಯಹೋದರೆ ದಾರಿ ತಪ್ಪುತ್ತದೆ. 1610ರಲ್ಲಿ ಎಲಿಜಬೆತ್ ಡ್ರೂರಿ ಎಂಬ ಹದಿನಾಲ್ಕರ ಹುಡುಗಿ ತೀರಿಕೊಂಡಳು. ಡನ್ ಅವಳನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ತಂದೆ ಶ್ರೀಮಂತ, ಡನ್‌ಗೆ ಆಶ್ರಯದಾತ ಬೇಕಾಗಿದ್ದ. ಆ ಸಾವಿನ ಮೇಲೆ ಎರಡು ದೀರ್ಘ ಕಾವ್ಯ ಬರೆದ, ಒಟ್ಟು ಸಾವಿರದಷ್ಟು ಸಾಲು. 1617ರ ಆಗಸ್ಟಿನಲ್ಲಿ, ಹನ್ನೆರಡನೆಯ ಹೆರಿಗೆಯ ಬಳಿಕ, ಹೆಂಡತಿ ಆನ್ ಸತ್ತಳು. ಮಗುವೂ ಬದುಕಲಿಲ್ಲ. ಅವಳ ಸಾವಿನ ಕುರಿತು ಖಚಿತವಾಗಿ ಹೇಳಬಹುದಾದ ಇಂಗ್ಲಿಷ್ ಕವಿತೆ ಒಂದೇ ಒಂದು ಸಾನೆಟ್, ಹದಿನಾಲ್ಕು ಸಾಲು. ಗೆಳೆಯನೊಬ್ಬ ನಕಲು ಮಾಡಿಟ್ಟಿದ್ದ ಹಸ್ತಪ್ರತಿಯಲ್ಲಿ ಉಳಿದಿದ್ದ ಅದು 19ನೇ ಶತಮಾನದ ಕೊನೆಯಲ್ಲಷ್ಟೇ ಅಚ್ಚು ಕಂಡಿತು. ಅದರಲ್ಲಿ ಗೋಳಾಟವಿಲ್ಲ. ಹೆಂಡತಿಯ ಪ್ರೀತಿಯೇ ತನ್ನನ್ನು ದೇವರತ್ತ ತಿರುಗಿಸಿತು ಎನ್ನುತ್ತಾನೆ, ದೇವರ ಪ್ರೀತಿ ಸಾಕಾಗುತ್ತಿಲ್ಲವೆಂದೂ ಸೂಚಿಸುತ್ತಾನೆ. ಸಾವಿರ ಸಾಲಿನಲ್ಲಿ ಇಲ್ಲದ ನಡುಕ ಈ ಹದಿನಾಲ್ಕರಲ್ಲಿದೆ.

ಇನ್ನೊಂದು ಎಚ್ಚರಿಕೆಯೂ ಬೇಕು. ಪವಿತ್ರ ಸಾನೆಟ್ಟುಗಳನ್ನು ಪಾದ್ರಿ ಡನ್ ಹೆಂಡತಿ ಸತ್ತ ದುಃಖದಲ್ಲಿ ಬರೆದನೆಂದು ಬಹುಕಾಲ ನಂಬಲಾಗಿತ್ತು. ಅವುಗಳಲ್ಲಿ ಹೆಚ್ಚಿನವು 1609ರ ಆಸುಪಾಸಿನವು, ಅಂದರೆ ಅವನು 1615ರಲ್ಲಿ ದೀಕ್ಷೆ ಪಡೆಯುವುದಕ್ಕೂ ಮೊದಲಿನವು ಎಂಬುದೇ ಇಂದು ಹೆಚ್ಚು ವಿದ್ವಾಂಸರು ಒಪ್ಪಿದ ಮಾತು.

1621ರಲ್ಲಿ ಡನ್ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಡೀನ್, ಅಂದರೆ ಮುಖ್ಯ ಪಾದ್ರಿ, ಆದ. 1623ರ ಚಳಿಗಾಲದಲ್ಲಿ ಲಂಡನ್ನಿಗೆ ಹಬ್ಬಿದ ಜ್ವರ ಅವನನ್ನೂ ಹಿಡಿಯಿತು. ಹಾಸಿಗೆಯಿಂದಲೇ ಟಿಪ್ಪಣಿ ಮಾಡಿಕೊಂಡು, ಚೇತರಿಸಿಕೊಳ್ಳುತ್ತಲೇ ಪುಸ್ತಕ ಮಾಡಿ, 1624ರಲ್ಲಿ ಅಚ್ಚು ಹಾಕಿಸಿದ. 'ಡಿವೋಷನ್ಸ್' ಎಂದು ಹೆಸರಾದ ಈ ಗದ್ಯಕೃತಿಯಲ್ಲಿ 23 ಭಾಗಗಳು; ಪ್ರತಿಯೊಂದರಲ್ಲೂ ಮೊದಲು ಚಿಂತನೆ, ಆಮೇಲೆ ದೇವರೊಡನೆ ತಕರಾರು, ಕೊನೆಗೆ ಪ್ರಾರ್ಥನೆ. ಕಾಯಿಲೆ ಏರಿದಂತೆ ಪುಸ್ತಕವೂ ಮುಂದುವರಿಯುತ್ತದೆ: ಮೈಯಲ್ಲಿ ಮೊದಲ ಬದಲಾವಣೆ ಕಂಡದ್ದು, ಹಾಸಿಗೆ ಹಿಡಿದದ್ದು, ವೈದ್ಯನ ಮುಖದಲ್ಲಿ ಹೆದರಿಕೆ ಕಂಡು ತಾನೂ ಹೆದರಿದ್ದು, ದೊರೆ ತನ್ನ ವೈದ್ಯನನ್ನೇ ಕಳಿಸಿದ್ದು, ತಲೆಗೇರಿದ ಕೆಟ್ಟ ಆವಿ ಇಳಿಯಲೆಂದು ಪಾರಿವಾಳಗಳನ್ನು ಮೈಗೆ ಇಟ್ಟದ್ದು, ಮೈಮೇಲೆ ಕಲೆ ಎದ್ದದ್ದು, ರಾತ್ರಿಯಿಡೀ ನಿದ್ದೆ ಬಾರದ್ದು. ಆ ಎಚ್ಚರದಲ್ಲಿ ಪಕ್ಕದ ಚರ್ಚಿನಿಂದ ಸಾವಿನ ಗಂಟೆ ಕೇಳುತ್ತದೆ. ಯಾರೋ ಸತ್ತರೆಂದು ಸುಮ್ಮನಾಗಲು ಅವನಿಂದಾಗುವುದಿಲ್ಲ. ಒಬ್ಬನ ಸಾವು ಎಲ್ಲರದ್ದೂ ಹೌದು ಎಂಬ ಅರಿವು ಅಲ್ಲಿ ಮೂಡುತ್ತದೆ. ಅಮೆರಿಕದ ಲೇಖಕ ಹೆಮಿಂಗ್ವೆ 1940ರ ತನ್ನ ಕಾದಂಬರಿಗೆ ಹೆಸರು ಆರಿಸಿಕೊಂಡದ್ದು ಇಲ್ಲಿಂದಲೇ. ಸಾನೆಟ್ಟುಗಳ ಡನ್ ತನ್ನೊಬ್ಬನ ಆತ್ಮದ ಗತಿಯನ್ನೇ ನೆನೆದು ಕಂಗೆಟ್ಟಿದ್ದ. ಸಾಯುವಂತಾಗಿ ಮಲಗಿದ್ದಾಗ ಅವನಿಗೆ ಪಕ್ಕದ ಮನೆಯವನ ಸಾವು ಕೇಳಿಸಿತು. ಅವನ ಬರಹದಲ್ಲಿ ಇದಕ್ಕಿಂತ ದೊಡ್ಡ ತಿರುವಿಲ್ಲ.

ಮಗಳು ಲೂಸಿ 1627ರಲ್ಲಿ ಸತ್ತಳು. ಕೊನೆಯವರೆಗೂ ಕ್ಯಾಥೊಲಿಕಳಾಗಿಯೇ ಉಳಿದ ತಾಯಿ ಡೀನ್ ಮಗನ ಮನೆಯಲ್ಲಿದ್ದು 1631ರ ಜನವರಿಯಲ್ಲಿ ತೀರಿಕೊಂಡಳು. ಮರುತಿಂಗಳು, ಎಲುಬು-ಚರ್ಮವಾಗಿದ್ದ ಡನ್ ಒಂದನೇ ಚಾರ್ಲ್ಸ್ ದೊರೆಯ ಮುಂದೆ ಕೊನೆಯ ಪ್ರವಚನ ಮಾಡಿದ. ತನ್ನ ಉತ್ತರಕ್ರಿಯೆಯ ಪ್ರವಚನವನ್ನು ತಾನೇ ಮಾಡಿಕೊಂಡನೆಂದು ಕೇಳಿದವರು ಅಂದುಕೊಂಡರು. ಆಮೇಲೆ ನಡೆದದ್ದನ್ನು ಅವನ ಜೀವನಚರಿತ್ರೆಕಾರ ಐಜಾಕ್ ವಾಲ್ಟನ್ ಬರೆದಿಟ್ಟಿದ್ದಾನೆ. ಓದುವ ಕೋಣೆಯಲ್ಲಿ ಇದ್ದಿಲ ಬೆಂಕಿ ಹಾಕಿಸಿ, ಬಟ್ಟೆ ಕಳಚಿ, ಹೆಣಕ್ಕೆ ಸುತ್ತುವ ಬಿಳಿವಸ್ತ್ರವನ್ನು ತಲೆ ಮತ್ತು ಕಾಲಿನ ಬಳಿ ಗಂಟು ಹಾಕಿಸಿಕೊಂಡು, ಮರದ ಕಲಶದ ಮೇಲೆ ಕಣ್ಣು ಮುಚ್ಚಿ ನಿಂತ. ಚಿತ್ರಕಾರ ಹಾಗೆಯೇ ಹಲಗೆಯ ಮೇಲೆ ಚಿತ್ರ ಬರೆದ. ಡನ್ ಅದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡು ಮಾರ್ಚ್ 31ರಂದು ಸಾಯುವವರೆಗೂ ನೋಡುತ್ತಿದ್ದ. ಇದರ ಆಧಾರದ ಮೇಲೆ ನಿಕೊಲಸ್ ಸ್ಟೋನ್ ಕಡೆದ ಅಮೃತಶಿಲೆಯ ಪ್ರತಿಮೆ 1666ರ ಮಹಾಬೆಂಕಿಯನ್ನೂ ದಾಟಿ ಇಂದಿನ ಸೇಂಟ್ ಪಾಲ್ಸ್‌ನಲ್ಲಿದೆ.

ಹರ್ಬರ್ಟನ ತಾಯಿ ಮ್ಯಾಗ್ಡಲೆನ್ ಡನ್‌ಗೆ ಆಪ್ತಳು. 1627ರಲ್ಲಿ ಅವಳು ಸತ್ತಾಗ ಸ್ಮರಣೆಯ ಪ್ರವಚನ ಮಾಡಿದವನು ಡನ್‌ನೇ. 1593ರಲ್ಲಿ ಹುಟ್ಟಿದ ಹರ್ಬರ್ಟನಿಗೆ ಧರ್ಮ ಬಿಟ್ಟುಬಂದ ಗಾಯವಿರಲಿಲ್ಲ. ಅವನ ನೋವು ಬೇರೆ: ಸೋತ ಹಂಬಲ ಮತ್ತು ಸದಾ ಕಾಯಿಲೆಯ ಮೈ. ಕೇಂಬ್ರಿಜ್‌ನಲ್ಲಿ ವಿಶ್ವವಿದ್ಯಾಲಯದ ಪರವಾಗಿ ಭಾಷಣ ಮಾಡುವ ಅಧಿಕೃತ ವಾಗ್ಮಿಯಾಗಿದ್ದ, ಪಾರ್ಲಿಮೆಂಟಿಗೂ ಹೋದ. ಆಸ್ಥಾನದಲ್ಲಿ ದೊಡ್ಡ ಹುದ್ದೆಯ ಆಸೆ ಫಲಿಸಲಿಲ್ಲ. 1630ರಲ್ಲಿ ಸಾಲಿಸ್‌ಬರಿ ಬಳಿಯ ಬೆಮರ್ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಹೋಗಿ, ಮೂರು ವರ್ಷ ತುಂಬುವ ಮೊದಲೇ ಕ್ಷಯದಿಂದ ಸತ್ತ. 'ಅಫ್ಲಿಕ್ಷನ್' ಎಂಬ ಒಂದೇ ಹೆಸರಿನಲ್ಲಿ ಅವನ ಐದು ಕವಿತೆಗಳಿವೆ. ದೇವರು ಮೊದಲು ಆಸೆ ತೋರಿಸಿ ಆಮೇಲೆ ಆರೋಗ್ಯ, ಗೆಳೆಯರು, ದಾರಿ ಎಲ್ಲವನ್ನೂ ಕಿತ್ತುಕೊಂಡನೆಂದು ಸಲಿಗೆಯಿಂದಲೇ ದೂರುತ್ತಾನೆ. ಡನ್ ನ್ಯಾಯಾಧೀಶನ ಮುಂದೆ ನಿಂತಿದ್ದರೆ ಹರ್ಬರ್ಟ್ ಮನೆಯ ಹಿರಿಯನ ಜೊತೆ ಮುನಿಸಿಕೊಂಡಿದ್ದಾನೆ.

ಸಾಯುವ ಮುನ್ನ ಹರ್ಬರ್ಟ್ ಕವಿತೆಗಳ ಕಟ್ಟನ್ನು ಗೆಳೆಯ ನಿಕೊಲಸ್ ಫೆರಾರ್‌ಗೆ ಕಳಿಸಿ, ನೊಂದ ಜೀವಕ್ಕೆ ಉಪಯೋಗವಾದೀತು ಅನಿಸಿದರೆ ಅಚ್ಚು ಹಾಕಿಸು, ಇಲ್ಲವಾದರೆ ಸುಡು ಎಂಬ ಅರ್ಥದ ಮಾತು ಹೇಳಿ ಕಳಿಸಿದನೆಂದು ವಾಲ್ಟನ್ ಬರೆಯುತ್ತಾನೆ. ಅದೇ 'ದ ಟೆಂಪಲ್' ಸಂಕಲನವಾಯಿತು. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ವಿಲಿಯಂ ಕೌಪರ್ ಎಂಬ ಯುವಕ, ಮುಂದೆ ತಾನೂ ದೊಡ್ಡ ಕವಿಯಾದವನು, ಖಿನ್ನತೆಯಲ್ಲಿ ಮುಳುಗಿದ್ದಾಗ ದಿನವಿಡೀ ಹರ್ಬರ್ಟನನ್ನು ಓದಿ ತುಸು ಹಗುರಾದ. ಇದರಿಂದ ಕಾಯಿಲೆ ಹೆಚ್ಚೀತೆಂದು ಬಂಧುವೊಬ್ಬರು ಬಿಡಿಸಿದರಂತೆ. 1938ರಲ್ಲಿ ಫ್ರೆಂಚ್ ಚಿಂತಕಿ ಸಿಮೋನ್ ವೇಯ್, ಭಯಂಕರ ತಲೆನೋವು ಬಂದಾಗಲೆಲ್ಲ ಹೇಳಿಕೊಳ್ಳಲೆಂದು ಹರ್ಬರ್ಟನ 'ಲವ್' ಕವಿತೆಯನ್ನು ಬಾಯಿಪಾಠ ಮಾಡಿಕೊಂಡಳು. ಬರೀ ಚೆಂದದ ಕವಿತೆಯೆಂದುಕೊಂಡು ಹೇಳುತ್ತಿದ್ದದ್ದು ತನಗರಿವಿಲ್ಲದೆಯೇ ಪ್ರಾರ್ಥನೆಯಾಗಿತ್ತೆಂದು 1942ರಲ್ಲಿ ಪಾದ್ರಿಯೊಬ್ಬರಿಗೆ ಬರೆದ ಪತ್ರದಲ್ಲಿ ತಿಳಿಸಿದಳು.