ಹರಿದ ಸರದ 1161 ಮುತ್ತು

ಭಿನ್ನರಾಶಿ ಎಂದರೆ ಸಾಕು, ನನ್ನ ಒಂಬತ್ತನೇ ತರಗತಿಯ ಮಕ್ಕಳ ಮುಖ ಬಾಡುತ್ತಿತ್ತು. ಅಂಥ ಒಂದು ಮಧ್ಯಾಹ್ನ ಪಠ್ಯಪುಸ್ತಕ ಮುಚ್ಚಿಟ್ಟು ಕತೆ ಶುರುಮಾಡಿದೆ. ವಸಂತದ ಒಂದು ರಾತ್ರಿ. ಗಂಡ ಹೆಂಡಿರ ಪ್ರೀತಿಯ ಜಗಳದಲ್ಲಿ ಅವಳ ಮುತ್ತಿನ ಸರ ಹರಿಯಿತು. ಮೂರನೇ ಒಂದು ಪಾಲು ದಾಸಿಯತ್ತ ಉರುಳಿತು, ಆರನೇ ಒಂದು ಪಾಲು ಹಾಸಿಗೆ ಮೇಲೆ ಬಿತ್ತು. ಮಿಕ್ಕಿದ್ದರಲ್ಲಿ ಅರ್ಧ, ಆಮೇಲೆ ಉಳಿದದ್ದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಪಿಲ್ಲಿ. ಕೊನೆಗೆ ಉಳಿದದ್ದು 1161 ಮುತ್ತು. ಸರದಲ್ಲಿದ್ದದ್ದು ಎಷ್ಟು?

ಮುಂದಿನ ಬೆಂಚಿನವರು ‘ಎಕ್ಸ್ ಆಗಿರಲಿ’ ಎಂದು ಬರೆಯತೊಡಗಿದರು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಮಾತ್ರ 1161ನ್ನು ದುಪ್ಪಟ್ಟು ಮಾಡುತ್ತಾ ಹೋಗಿದ್ದಳು: 2322, 4644, 9288, 18576, 37152, 74304. ಅಲ್ಲಿ ಪೆನ್ಸಿಲ್ ನಿಲ್ಲಿಸಿ ಕೇಳಿದಳು, “ಮೇಡಂ, ಮೂರನೇ ಒಂದು, ಆರನೇ ಒಂದು ಸೇರಿದ್ರೆ ಅರ್ಧ ಅಲ್ವಾ? ಹಂಗಾದ್ರೆ ಇನ್ನೊಂದ್ ಸಲ ದುಪ್ಪಟ್ಟು ಮಾಡಿದ್ರೆ ಆಯ್ತು.” 148608. ಉತ್ತರ ಅದೇ.

ಈ ಲೆಕ್ಕ ಕಟ್ಟಿದವರು ಮಹಾವೀರಾಚಾರ್ಯರು. ಸುಮಾರು ಕ್ರಿ.ಶ. 850ರ ಜೈನ ವಿದ್ವಾಂಸರು. ತಮ್ಮ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಅವರು ಹೊಗಳುವ ದೊರೆ ಅಮೋಘವರ್ಷ ನೃಪತುಂಗ, ನಮ್ಮ ‘ಕವಿರಾಜಮಾರ್ಗ’ ಹುಟ್ಟಿದ್ದು ಆತನ ಆಸ್ಥಾನದಲ್ಲೇ. ಅದಕ್ಕೂ ಹಿಂದೆ ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವೆಂದರೆ ಖಗೋಳ ಗ್ರಂಥದೊಳಗಿನ ಒಂದೆರಡು ಅಧ್ಯಾಯ. ಮಹಾವೀರರು ಅದನ್ನು ಬಿಡಿಸಿ ತಂದು, ಸಂಸ್ಕೃತದಲ್ಲಿ ಒಂಬತ್ತು ಅಧ್ಯಾಯಗಳ, ಸಾವಿರಕ್ಕೂ ಹೆಚ್ಚು ಶ್ಲೋಕಗಳ ಪುಸ್ತಕ ಮಾಡಿದರು. ಸಂಗೀತಕ್ಕೆ, ವೈದ್ಯಕ್ಕೆ, ಮನೆ ಕಟ್ಟುವುದಕ್ಕೆ, ಅಡುಗೆಗೆ ಕೂಡ ಗಣಿತ ಬೇಕೆಂದು ಮೊದಲಲ್ಲೇ ಹೇಳಿಬಿಡುತ್ತಾರೆ. ಅಡುಗೆಯನ್ನು ಮರೆಯದ ಗಣಿತಜ್ಞ ಎಂಬ ಕಾರಣಕ್ಕೇ ನನಗೆ ಅವರು ಹತ್ತಿರದವರು.

ಮೂವತ್ತೊಂದು ವರ್ಷ ಚಾಕ್‌ಪೀಸ್ ಹಿಡಿದ ನನಗೆ ಅವರು ಮೊದಲಿಗೆ ಮೇಷ್ಟ್ರಾಗಿ ಕಾಣುತ್ತಾರೆ. ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಎಲ್ಲ ಸಂದರ್ಭಕ್ಕೂ ಸಲ್ಲುವ ಸೂತ್ರ ಕೊಟ್ಟವರು ಅವರು. ಉದಾಹರಣೆ ಕೊಡುವಾಗ ಮಾತ್ರ ನಾಲಗೆಗೇ ಬರುತ್ತಾರೆ. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು, ಈ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಒಂದೊಂದೇ ಆದರೆ 6, ಎರಡೆರಡು ಸೇರಿದರೆ 15, ಮೂರಾದರೆ 20, ಮತ್ತೆ 15, 6, ಎಲ್ಲ ಸೇರಿ 1. ಒಟ್ಟು 63. ಇದೇ ಪಾಠವನ್ನು ಕಪ್ಪು, ಬಿಳಿ ಚೆಂಡುಗಳಿಂದ ಹೇಳಿಕೊಡುವ ಪುಸ್ತಕಗಳ ಮೇಲೆ ನನಗೆ ಇಂದಿಗೂ ಬೇಸರವಿದೆ.

ಅವರು ಎಡವಿದ್ದನ್ನೂ ಮಕ್ಕಳಿಗೆ ಹೇಳುತ್ತಿದ್ದೆ. ಯಾವ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೂ ಅದು ಬದಲಾಗದೆ ಉಳಿಯುತ್ತದೆ ಎಂದು ಬರೆದರು, ಅದು ತಪ್ಪು. ಆದರೆ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಹೇಳಿದ ಮಾತು ನಮ್ಮ ಹೈಸ್ಕೂಲಿನ ಮಟ್ಟಿಗೆ ಇಂದಿಗೂ ಸರಿ.

ಅವರ ಪುಸ್ತಕ ದಕ್ಷಿಣದಲ್ಲಿ ಬಹುಕಾಲ ಬಾಳಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಮುಂದಿನ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದು ಕನ್ನಡದಲ್ಲೇ ಲೆಕ್ಕ ಕಲಿಸಿದ. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದರು.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸುತ್ತಿದ್ದದ್ದು ಕಂಠಿಕೆಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಮಹಾವೀರರು ಕೊರಳ ಹಾರವೆಂದು ಕರೆದರು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. ಮುತ್ತಿನ ಲೆಕ್ಕದ ಮರುದಿನ ಬೋರ್ಡಿನ ಮೇಲೆ 12345679 ಬರೆದು 9ರಿಂದ ಗುಣಿಸಲು ಹೇಳಿದೆ. ಒಂಬತ್ತು ಒಂದುಗಳು ಬಂದವು. ಬೆಲ್ ಹೊಡೆಯಿತು, ಎಲ್ಲರೂ ಊಟದ ಡಬ್ಬಿ ತೆಗೆದರು. ಅದೇ ಹಿಂದಿನ ಬೆಂಚಿನ ಹುಡುಗಿ ಬೋರ್ಡಿನ ಹತ್ತಿರ ಬಂದು 9ನ್ನು ಅಳಿಸಿ 18 ಎಂದು ಬರೆದಳು, ಗುಣಿಸಿದಳು. ಒಂಬತ್ತು ಎರಡುಗಳು. ನನ್ನ ಕಡೆ ತಿರುಗಿಯೂ ನೋಡದೆ 18ನ್ನು ಅಳಿಸಿ 27 ಎಂದು ಬರೆದಳು.